ಹಿತ್ತಲಲ್ಲಿ ನಿಂತ ನೀರಿಗೆ ಪೊಲೀಸರು ದಂಡ ಹಾಕಬಹುದೇ?

ಪ್ರಶ್ನೆ: ನಮ್ಮದು ಕಾರವಾರ ತಾಲೂಕಿನ ಕಡಲ ತೀರದ ಹಳ್ಳಿ. ಹಿತ್ತಲಲ್ಲಿ ಹಳೆಯ ದೋಣಿಯೊಂದನ್ನು ತಾಡಪಾಲು ಹೊದೆಸಿ ಇಟ್ಟಿದ್ದೇವೆ. ಕಳೆದ ವಾರ ಆಶಾ ಕಾರ್ಯಕರ್ತೆಯ ಜೊತೆ ಬಂದ ಪೊಲೀಸ್ ಪೇದೆಯೊಬ್ಬರು, ಅದರ ಮೇಲೆ ನಿಂತ ನೀರು ಚೆಲ್ಲದಿದ್ದರೆ 500 ರೂಪಾಯಿ ದಂಡ, ಮೇಲೊಂದು ಕೇಸು ಎಂದು ಗದರಿಸಿ ಹೋದರು. ಕೋವಿಡ್ ಕಾಲದಲ್ಲಿ ಗೋವಾದಿಂದ ಬರುತ್ತಿದ್ದ ಮಗನನ್ನು ಕೋವಿಡ್ ಪರೀಕ್ಷೆಯ ವರದಿ ಇಲ್ಲವೆಂದು ಗಡಿಯಿಂದಲೇ ತಿರುಗಿ ಕಳಿಸಿದ್ದರು. ಪೊಲೀಸರಿಗೆ ಇಷ್ಟೆಲ್ಲ ಅಧಿಕಾರ ಇದೆಯೇ?

ಉತ್ತರ (ನಿವೃತ್ತ ಪೊಲೀಸ್ ಅಧಿಕಾರಿ): ಮೊದಲಿಗೆ, 500 ರೂಪಾಯಿಯ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ಹಳ್ಳಿಯ ಮನೆಗೆ 200, ಪಟ್ಟಣದ ಮನೆಗೆ 400. ಹಳ್ಳಿಯ ಅಂಗಡಿ, ಹೋಟೆಲಿನಂಥ ಜಾಗಗಳಿಗಷ್ಟೇ 500. ಈ ದಂಡ ವಿಧಿಸುವುದು ಸ್ಥಳೀಯ ಆಡಳಿತದ ಅಧಿಕೃತ ಅಧಿಕಾರಿಯ ಕೆಲಸ. ಪೇದೆ ಬರುವುದು ಸಿಬ್ಬಂದಿಯ ರಕ್ಷಣೆಗೆ. ಯಾರೇ ಹಣ ಕೇಳಿದರೂ ರಸೀದಿ ಕೇಳಿ ಪಡೆಯಿರಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕೋವಿಡ್ ಕಾಲದ ಮಾತು ಬೇರೆ. ಆಗ ಮಾಸ್ಕ್ ದಂಡ ಹಾಕುವ ಅಧಿಕಾರವನ್ನು ಸರ್ಕಾರವೇ ಪೊಲೀಸರಿಗೂ ಕೊಟ್ಟಿತ್ತು. ನಗರಪಾಲಿಕೆಗಳ ಹೊರಗೆ ಅದು 100 ರೂಪಾಯಿಗೆ ಇಳಿದಿತ್ತು. ಗಡಿಯಲ್ಲಿ ವರದಿ ಕೇಳಿದ್ದೂ ಮೇಲಿನ ಆದೇಶದ ಮೇಲೆಯೇ. ಆದರೆ ದಿನವೂ ಗೋವಾಕ್ಕೆ ದುಡಿಯಲು ಹೋಗಿ ಬರುವ ನಮ್ಮ ಹುಡುಗರೊಡನೆ ಆ ಆದೇಶವನ್ನು ತಾಳ್ಮೆಯಿಂದ ಬಿಡಿಸಿ ಹೇಳಬೇಕಿತ್ತು. ಎಷ್ಟೋ ಕಡೆ ಮಾತಿಗಿಂತ ಮೊದಲು ಲಾಠಿ ಮೇಲೆದ್ದಿತು. ಅದು ತಪ್ಪು. ಆರೋಗ್ಯದ ಆದೇಶ ಮುರಿದವನಿಗೆ ಹೊಡೆಯಿರಿ ಎಂದು ಯಾವ ಕಾನೂನೂ ಹೇಳುವುದಿಲ್ಲ.

ಇನ್ನು ಕೇಸು. ಅಧಿಕಾರಿಯ ಆದೇಶ ಮೀರಿ ಜನರ ಆರೋಗ್ಯಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ ಅಡಿ ಒಂದು ವರ್ಷದವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 2024ರ ಜುಲೈಗೆ ಮೊದಲು ಇದೇ ಹಳೆಯ ಭಾರತೀಯ ದಂಡ ಸಂಹಿತೆಯ 188ನೇ ಕಲಂ ಆಗಿತ್ತು. ಇದು ಜಾಮೀನು ಸಿಗುವ ಅಪರಾಧ. ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಲಿಖಿತ ದೂರು ಕೊಡದೆ ನ್ಯಾಯಾಲಯ ಇದನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಹಾಗಾಗಿ ಯಾರಾದರೂ ಕೇಸಿನ ಮಾತೆತ್ತಿದರೆ, ಆದೇಶ ಯಾರದು, ಅದರ ಪ್ರತಿ ಎಲ್ಲಿದೆ ಎಂದು ಸೌಮ್ಯವಾಗಿ ಕೇಳಿ. ಕೇಳುವ ಹಕ್ಕು ನಿಮಗಿದೆ.

ಆಶಾ ಕಾರ್ಯಕರ್ತೆಯನ್ನು ಮಾತ್ರ ತಡೆಯಬೇಡಿ. ಸಾಂಕ್ರಾಮಿಕದ ಹೊತ್ತಿನಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡಿದರೆ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯಂತೆ ಮೂರು ತಿಂಗಳಿನಿಂದ ಐದು ವರ್ಷದವರೆಗೆ ಸಜೆ, ಜಾಮೀನು ಕಷ್ಟ. ಬಿಸಿಲು ಮಳೆಯೆನ್ನದೆ ಮನೆ ಮನೆ ಅಲೆಯುವ ಆ ಹೆಣ್ಣುಮಗಳ ಬೆನ್ನಿಗೆ ಪೊಲೀಸರು ನಿಲ್ಲಲೇಬೇಕು.

ನಿಮ್ಮ ತಾಡಪಾಲಿನ ಮಡಿಕೆಯನ್ನು ಒಮ್ಮೆ ಬಗ್ಗಿ ನೋಡಿ. ಒಂದು ಬೊಗಸೆ ತಿಳಿನೀರಿನಲ್ಲಿ ದಾರದ ಎಳೆಯಂಥ ಹುಳುಗಳು ಕೊಂಕುತ್ತಾ ಮೇಲೆ ಕೆಳಗೆ ಓಡಾಡುತ್ತಿದ್ದರೆ ಅವೇ ಸೊಳ್ಳೆಯ ಮರಿಗಳು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಸಾಲದು, ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ. ತಿಕ್ಕಿ ತೊಳೆದು, ನಡುವೆ ಒಂದು ಬಿದಿರು ಕೊಟ್ಟು ತಾಡಪಾಲನ್ನು ಎರಡೂ ಕಡೆ ಇಳಿಜಾರಾಗಿ ಬಿಗಿದು ಕಟ್ಟಿ. ಇದನ್ನು ಇಂದೇ ಮಾಡಿ.