ಓದುಗರ ಪ್ರಶ್ನೆ, ವೈದ್ಯರ ಉತ್ತರ: ಬೆಳಗಿನ ಜಾವದ ಎಚ್ಚರ, ಅರ್ಧಕ್ಕೆ ಬಿಟ್ಟ ಮಾತ್ರೆ

ಪ್ರಶ್ನೆ: ಡಾಕ್ಟ್ರೇ, ನನಗೆ 52 ವರ್ಷ, ಅಡಿಕೆ ಕೃಷಿಕ. ಹೋದ ವರ್ಷ ಕೊಳೆರೋಗ, ಈ ವರ್ಷ ಎಲೆಚುಕ್ಕಿ. ಸೊಸೈಟಿ ಸಾಲ ಬಾಕಿ ಇದೆ. ಒಂದೂವರೆ ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಊಟ ಸೇರುವುದಿಲ್ಲ, ತೋಟಕ್ಕೆ ಇಳಿಯಲು ಮನಸ್ಸೇ ಬಾರದು. ಮಲಗುವಾಗ ಒಂದು ಕ್ವಾರ್ಟರ್ ಹಾಕಿದರಷ್ಟೇ ಕಣ್ಣು ಮುಚ್ಚುತ್ತದೆ. ಇದು ಚಿಂತೆಯೋ, ಕಾಯಿಲೆಯೋ?
— ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ಸಾಲ ಇದ್ದಮೇಲೆ ಚಿಂತೆ ಇದ್ದೇ ಇರುತ್ತದೆ. ಆದರೆ ಬೇಸರವೋ ನಿರಾಸಕ್ತಿಯೋ ದಿನದ ಬಹುಪಾಲು ಹೊತ್ತು, ಎರಡು ವಾರಕ್ಕೂ ಮೀರಿ ಉಳಿದು, ಜೊತೆಗೆ ನಿದ್ದೆ, ಹಸಿವು, ಶಕ್ತಿ ಎಲ್ಲವೂ ಕುಗ್ಗಿದ್ದರೆ ಅದು ಖಿನ್ನತೆ ಇರಬಹುದು. ಈ ವಾರವೇ ವೈದ್ಯರನ್ನು ಕಾಣಿ. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆಯೂ ಆಗಲಿ; ಅವುಗಳ ಏರುಪೇರಿನಿಂದಲೂ ಇಂಥದೇ ಸುಸ್ತು, ಬೇಸರ ಬರುತ್ತದೆ.

ಕ್ವಾರ್ಟರ್ ವಿಷಯ ಮುಚ್ಚಿಡಬೇಡಿ. ಮದ್ಯದಿಂದ ಬೇಗ ನಿದ್ದೆ ಬರುವುದು ನಿಜ. ಆದರೆ ಅಮಲು ಇಳಿಯುತ್ತಿದ್ದಂತೆ, ಅಂದರೆ ರಾತ್ರಿಯ ಎರಡನೇ ಅರ್ಧದಲ್ಲಿ, ನಿದ್ದೆ ಒಡೆಯುತ್ತದೆ. ನಿಮ್ಮ ಮೂರು ಗಂಟೆಯ ಎಚ್ಚರದಲ್ಲಿ ಅದರ ಪಾಲೂ ಇದೆ. ದಿನಾ ಕುಡಿಯುವವರು ತಟ್ಟನೆ ಬಿಟ್ಟರೆ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಹಾಗಾಗಿ ವೈದ್ಯರಿಗೆ ಹೇಳಿಯೇ ಬಿಡಿ.

ರಾತ್ರಿ ಎಷ್ಟೇ ಕೆಟ್ಟಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು. ಎಚ್ಚರವಾಗಿ ಸುಮಾರು 20 ನಿಮಿಷ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಮಂದ ಬೆಳಕಿನಲ್ಲಿ ಕೂರಿ, ತೂಕಡಿಕೆ ಬಂದಮೇಲೆ ಮಲಗಿ. ಮಲಗಿಕೊಂಡೇ ಸಾಲದ ಲೆಕ್ಕ ಹಾಕಿದರೆ ಹಾಸಿಗೆ ಕಂಡೊಡನೆ ಲೆಕ್ಕವೇ ನೆನಪಾಗುವ ಅಭ್ಯಾಸ ಬೀಳುತ್ತದೆ. ಆ ಲೆಕ್ಕಕ್ಕೆ ಸಂಜೆ 15 ನಿಮಿಷ ಕೊಡಿ. ಹಾಳೆಯ ಒಂದು ಬದಿಗೆ ನಾಳೆ ಮಾಡಬಹುದಾದದ್ದು: ಸೊಸೈಟಿಗೆ ಹೋಗಿ ಕಂತಿನ ಬಗ್ಗೆ ಕೇಳುವುದು. ಇನ್ನೊಂದು ಬದಿಗೆ ಕೈಮೀರಿದ್ದು: ಮಳೆ, ಧಾರಣೆ. ರಾತ್ರಿ ಯೋಚನೆ ಬಂದರೆ ‘ಹಾಳೆಯಲ್ಲಿದೆ’ ಎಂದುಕೊಂಡು ಬಿಟ್ಟುಬಿಡಿ.

ಮನಸ್ಸು ಬಂದಮೇಲೆ ತೋಟಕ್ಕೆ ಹೋಗುತ್ತೇನೆ ಎಂದು ಕಾಯಬೇಡಿ. ಖಿನ್ನತೆಯಲ್ಲಿ ಕೆಲಸ ಮೊದಲು, ಮನಸ್ಸು ಅದರ ಹಿಂದೆ. ನಾಳೆ ಬೆಳಿಗ್ಗೆ ಒಂದೇ ಸಾಲಿನಲ್ಲಿ 15 ನಿಮಿಷ ಉದುರಿದ ಕಾಯಿ ಹೆಕ್ಕಿ, ಸಾಕು. ಮೂರು ದಿನ ಬಿಟ್ಟು 20 ನಿಮಿಷ ಮಾಡಿ. ಹಲವರು ಎಡವುವುದು ಇಲ್ಲೇ: ಒಂದು ದಿನ ಹಗುರವೆನಿಸಿತೆಂದು ಸಂಜೆವರೆಗೆ ದುಡಿದು, ಮರುದಿನದಿಂದ ಹಾಸಿಗೆ ಹಿಡಿಯುತ್ತಾರೆ. ಆಷಾಢದ ಮಳೆಯಲ್ಲೂ ಛತ್ರಿ ಹಿಡಿದಾದರೂ ಹೊರಗೆ ಹೋಗಿ. ಮೋಡ ಕವಿದ ಹಗಲಿನ ಬೆಳಕೂ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಹೆಚ್ಚು, ನಿದ್ದೆಯ ಗಡಿಯಾರಕ್ಕೆ ಆ ಬೆಳಕು ಬೇಕು.

ನಿಮ್ಮ ಮನೆಯವರಿಗೂ ಒಂದು ಮಾತಿದೆ, ದಯವಿಟ್ಟು ಈ ಉತ್ತರ ಅವರಿಗೂ ತೋರಿಸಿ. ಕಳೆನಾಶಕ, ಕೀಟನಾಶಕ ಜಗಲಿಯಲ್ಲೋ ಕೊಟ್ಟಿಗೆಯಲ್ಲೋ ಇರಬಾರದು. ಬೀಗ ಹಾಕಿ, ಕೀ ಬೇರೆಯವರ ಬಳಿ ಇರಲಿ. ಸಾಯುವ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿನದು; ವಿಷ ಕೈಗೆ ಸಿಗದಿದ್ದರೆ ಆ ಹೊತ್ತು ಕಳೆಯುತ್ತದೆ, ಜೀವ ಉಳಿಯುತ್ತದೆ. ‘ಸಾಯುವ ಯೋಚನೆ ಬರುತ್ತಿದೆಯಾ?’ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಅಮ್ಮನಿಗೆ 63 ವರ್ಷ. ಖಿನ್ನತೆಗೆಂದು ಎಸಿಟಾಲೊಪ್ರಾಮ್ ಕೊಟ್ಟಿದ್ದರು. ಹತ್ತು ದಿನವಾದರೂ ಗುಣವಿಲ್ಲ, ವಾಕರಿಕೆ ಬೇರೆ. ಚಟವಾಗುತ್ತದೆಂದು ದೊಡ್ಡಮ್ಮ ಹೇಳಿದ್ದಕ್ಕೆ ನಿಲ್ಲಿಸಿದೆವು. ತಪ್ಪಾಯಿತೇ?
— ಓದುಗರು, ಸಾಗರ

ಉತ್ತರ: ಅವಸರವಾಯಿತು. ಈ ಮಾತ್ರೆಗಳಲ್ಲಿ ತೊಂದರೆ ಮೊದಲು, ಗುಣ ಆಮೇಲೆ. ವಾಕರಿಕೆ, ತಲೆನೋವು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತವೆ. ಊಟವಾದಮೇಲೆ ತೆಗೆದುಕೊಂಡರೆ ಇನ್ನೂ ಕಡಿಮೆ. ಗುಣ ಕಾಣಲು 2ರಿಂದ 4 ವಾರ, ಪೂರ್ತಿ ಪರಿಣಾಮಕ್ಕೆ 6ರಿಂದ 8 ವಾರ ಬೇಕು. ಚೆನ್ನಾದಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕು, ಇಲ್ಲವಾದರೆ ಖಿನ್ನತೆ ಮರಳುವ ಸಂಭವ ಹೆಚ್ಚು. ಮದ್ಯದಂತೆ ಇದಕ್ಕೆ ಚಟ ಹತ್ತುವುದಿಲ್ಲ. ಆದರೆ ಕೆಲವು ವಾರ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು ಬರುತ್ತದೆ. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಅಭ್ಯಾಸವಾಗುವುದು ಅಲ್ಪ್ರಜೋಲಾಮ್, ಕ್ಲೋನಜೆಪಾಮ್‌ನಂಥ ನಿದ್ದೆ ಮಾತ್ರೆಗಳು. ಚೀಟಿಯಲ್ಲಿ ಅವೂ ಇದ್ದರೆ ಎಷ್ಟು ದಿನಕ್ಕೆಂದು ಕೇಳಿಕೊಳ್ಳಿ.

ಮತ್ತೆ ಶುರುಮಾಡುವ ಮೊದಲು ವೈದ್ಯರಿಗೆ ಫೋನ್ ಮಾಡಿ. ಅಮ್ಮ ಮಂಡಿನೋವಿಗೆ ಡೈಕ್ಲೊಫೆನಾಕ್ ನುಂಗುತ್ತಿದ್ದರೆ ತಪ್ಪದೆ ಹೇಳಿ, ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಈ ವಯಸ್ಸಿನಲ್ಲಿ ರಕ್ತದ ಸೋಡಿಯಂ ಇಳಿಯುವುದೂ ಉಂಟು. ಮಂಪರು, ಗೊಂದಲ ಕಂಡರೆ ಆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಸಿಟಿ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಬೆರಳು ಜೋಮು ಹಿಡಿದು, ಸತ್ತೇಹೋಗುತ್ತೇನೆ ಅನ್ನಿಸುತ್ತದೆ. ಇಸಿಜಿ ಸರಿಯಿದೆ. ಈಗ ಬಸ್ ಹತ್ತಲೇ ಭಯ.
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಇದು ಪ್ಯಾನಿಕ್ ಅಟ್ಯಾಕ್‌ನ ಚಿತ್ರ. ಸುಮಾರು 10 ನಿಮಿಷದಲ್ಲಿ ತುದಿಗೇರಿ, ಆಮೇಲೆ ತಾನೇ ಇಳಿಯುತ್ತದೆ. ವೇಗದ ಉಸಿರಿನಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗುವುದರಿಂದಲೇ ಜೋಮು. ಮೂಗಿನಿಂದ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ ಉಸಿರಾಡಿ. ಇದನ್ನು ಮನೆಯಲ್ಲಿ ಶಾಂತವಾಗಿದ್ದಾಗ ದಿನಕ್ಕೆರಡು ಬಾರಿ, 5 ನಿಮಿಷ ರೂಢಿಸಿಕೊಳ್ಳಿ. ರೂಢಿಯಿಲ್ಲದೆ ಅಟ್ಯಾಕ್ ನಡುವೆ ಮೊದಲ ಸಲ ಮಾಡಹೋದರೆ ಕೈಕೊಡುತ್ತದೆ. ಗೆಳತಿಯ ಜೊತೆ ಒಂದು ಸ್ಟಾಪ್, ಆಮೇಲೆ ಎರಡು, ಆಮೇಲೆ ಒಬ್ಬಳೇ. ನಡುವೆ ಇಳಿದುಬಿಟ್ಟರೆ ‘ಇಳಿದಿದ್ದಕ್ಕೇ ಬದುಕಿದೆ’ ಎಂದು ಮನಸ್ಸು ನಂಬಿ ಭಯ ಬೆಳೆಯುತ್ತದೆ. ಕಾಫಿ ಕಡಿಮೆ ಮಾಡಿ.

ಪ್ರಶ್ನೆ: ಹಳ್ಳಿಯಲ್ಲಿದ್ದೇವೆ. ಎಲ್ಲಿಗೆ ಹೋಗಬೇಕು? ಊರಿಗೆ ಗೊತ್ತಾದರೆ?
— ಗೃಹಿಣಿ, ಹೊಸನಗರ

ಉತ್ತರ: 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೇರ ಕಾಣಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಹೋಗುವಾಗ ಒಂದು ವಾರದ ನಿದ್ದೆಯ ಹೊತ್ತು ಬರೆದಿಟ್ಟ ಚೀಟಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆ, ನಂಬಿಕೆಯ ಒಬ್ಬರು ಜೊತೆಗಿರಲಿ.