ಹವಾಮಾನ ಬದಲಾವಣೆಯನ್ನು ಪ್ರಯೋಗದಲ್ಲಿ ಮಾಡಿ ತೋರಿಸಬಹುದೇ?

ಹವಾಮಾನ ಬದಲಾವಣೆಯನ್ನು ವೈಜ್ಞಾನಿಕ ಪ್ರಯೋಗಗಳಿಂದ ಮಾಡಿ ತೋರಿಸಲು ಸಾಧ್ಯವೇ ಎಂದು ತಾವು ಕೇಳಿದ್ದೀರಿ. ಬಿಡಿಬಿಡಿಯಾಗಿ ಸಾಧ್ಯ, ಇಡಿಯಾಗಿ ನೋಡಬೇಕೆಂದರೆ ಕಂಪ್ಯೂಟರಿನೊಳಗೆ ಕಟ್ಟಿದ ಭೂಮಿಯೇ ಗತಿ. ಶಿಡ್ಲಘಟ್ಟದ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಈ ವ್ಯತ್ಯಾಸ ಮನದಟ್ಟಾದದ್ದು ನನ್ನದೇ ಒಂದು ತಪ್ಪಿನಿಂದ.

ಒಂದೇ ಅಳತೆಯ ಎರಡು ಬಾಟಲಿಗಳನ್ನು ತಂದು, ಒಂದರಲ್ಲಿ ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದು ಇಂಗಾಲದ ಡೈಆಕ್ಸೈಡ್ ತುಂಬಿಸಿ, ಎರಡಕ್ಕೂ ಥರ್ಮಾಮೀಟರ್ ಸಿಕ್ಕಿಸಿ ಬಲ್ಬಿನ ಎದುರು ಇಟ್ಟಿದ್ದೆ. ಅರ್ಧ ಗಂಟೆಯಲ್ಲಿ ಅನಿಲದ ಬಾಟಲಿ ಎರಡು ಡಿಗ್ರಿ ಹೆಚ್ಚು ಕಾದಿತ್ತು; ಮಕ್ಕಳು ಚಪ್ಪಾಳೆ ತಟ್ಟಿದರು, ನಾನೂ ಹಿಗ್ಗಿದೆ. ಆಮೇಲೆ ಓದಿದಾಗ ತಿಳಿಯಿತು, ಶಾಖ ಹಿಡಿದಿಡುವ ಹಸಿರುಮನೆ ಪರಿಣಾಮವೇ ಇಲ್ಲದ ಆರ್ಗಾನ್ ಅನಿಲ ತುಂಬಿದರೂ ಬಾಟಲಿ ಹಾಗೆಯೇ ಕಾಯುತ್ತದೆ. ಗಾಳಿಗಿಂತ ಭಾರವಾದ ಅನಿಲ ತಳದಲ್ಲೇ ಕೂತು ಬಿಸಿಯನ್ನು ಮೇಲಕ್ಕೆ ಸಾಗಗೊಡುವುದಿಲ್ಲ, ಅಷ್ಟೇ. ವಾತಾವರಣದಲ್ಲಿ ನಡೆಯುವುದು ಬೇರೆ: ನೆಲ ಹೊರಸೂಸುವ ಅವಕೆಂಪು ಕಿರಣಗಳನ್ನು, ಎಂದರೆ ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು, ಕಿಲೋಮೀಟರುಗಟ್ಟಲೆ ಗಾಳಿಯಲ್ಲಿ ಚದುರಿರುವ ಅನಿಲ ಹೀರಿ, ಒಂದಷ್ಟನ್ನು ಕೆಳಕ್ಕೆ ಮರಳಿಸುತ್ತದೆ. ಅದು ಒಂದು ಗೇಣುದ್ದದ ಬಾಟಲಿಯಲ್ಲಿ ಹಿಡಿಸುವ ಸಂಗತಿಯಲ್ಲ. ಮರುವರ್ಷ ಅದೇ ಪ್ರಯೋಗವನ್ನು ಮಾಡಿ, ಅದು ಏಕೆ ಮೋಸಗೊಳಿಸುತ್ತದೆ ಎಂಬುದನ್ನೇ ಪಾಠವಾಗಿ ಹೇಳಿದೆ.

ಹಾಗೆಂದು ಈ ಹೀರಿಕೆಯನ್ನು ಯಾರೂ ಅಳೆದಿಲ್ಲವೆಂದಲ್ಲ. 1856ರಲ್ಲಿ ಅಮೆರಿಕದ ವಿಜ್ಞಾನಿ ಯೂನಿಸ್ ಫೂಟ್ ಗಾಜಿನ ಕೊಳವೆಗಳನ್ನು ಬಿಸಿಲಿನಲ್ಲಿಟ್ಟು, ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಹೆಚ್ಚು ಕಾಯುವುದನ್ನೂ ತಣಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದನ್ನೂ ದಾಖಲಿಸಿದರು. ಆದರೆ ಬಿಸಿಲೊಡ್ಡಿ ಕಂಡದ್ದರಿಂದ ಅವಕೆಂಪು ಕಿರಣದ ಪಾಲನ್ನು ಬೇರ್ಪಡಿಸಲಾಗದು. ಮೂರು ವರ್ಷಗಳ ನಂತರ ಭೌತವಿಜ್ಞಾನಿ ಜಾನ್ ಟಿಂಡಾಲ್ ಶಾಖದ ಕಿರಣಗಳನ್ನೇ ಅನಿಲಗಳ ಮೂಲಕ ಹಾಯಿಸಿ ಅಳೆದದ್ದು ಈ ವಿಷಯದ ನಿಜವಾದ ಪ್ರಯೋಗ.

ತೊಡಕಿರುವುದು ಇಡೀ ಭೂಮಿಯ ಮಾತು ಬಂದಾಗ. ನಮ್ಮ ಕಡೆ ರೇಷ್ಮೆ ಬೆಳೆಗಾರರು ಬೇಸಿಗೆಯಲ್ಲಿ ಹುಳು ಮನೆಯ ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟಿ, ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದ ಹುಳುಗಳಿಗೆ 25 ಡಿಗ್ರಿಯ ಆಸುಪಾಸು ತಂಪು ಉಳಿಸಲು ಹೆಣಗುತ್ತಾರೆ. ಗೋಣಿಯಿಂದ ಪ್ರಯೋಜನವಾಯಿತೇ ಎಂದು ತಿಳಿಯಲು ಪಕ್ಕದಲ್ಲಿ ಗೋಣಿ ಕಟ್ಟದ ಇನ್ನೊಂದು ಮನೆ ಇರಬೇಕು. ಭೂಮಿಗೆ ಅಂಥ ಪಕ್ಕದ ಮನೆಯಿಲ್ಲ. ಆದ್ದರಿಂದ ಭೌತಶಾಸ್ತ್ರದ ಸಮೀಕರಣಗಳಿಂದ ಆ ಎರಡನೇ ಮನೆಯನ್ನು ಕಂಪ್ಯೂಟರಿನೊಳಗೆ ಕಟ್ಟುತ್ತಾರೆ; ಅದನ್ನೇ ಹವಾಮಾನ ಮಾದರಿ ಎನ್ನುವುದು. 1967ರಲ್ಲಿ ಹವಾಮಾನ ವಿಜ್ಞಾನಿಗಳಾದ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್, ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ನೆಲದ ತಾಪ ಸುಮಾರು 2.3 ಡಿಗ್ರಿ ಏರುತ್ತದೆ, ವಾತಾವರಣದ ಮೇಲಿನ ಪದರವಾದ ಸ್ತರಗೋಳ ಮಾತ್ರ ತಣ್ಣಗಾಗುತ್ತದೆ ಎಂದು ಲೆಕ್ಕ ಹಾಕಿದರು. ಸೂರ್ಯನೇ ಪ್ರಖರನಾಗಿದ್ದರೆ ಎರಡೂ ಕಾಯಬೇಕಿತ್ತು. ಮುಂದೆ ಅಳತೆಗಳಲ್ಲಿ ಕಂಡದ್ದು ಮೇಲೆ ತಂಪು, ಕೆಳಗೆ ಬಿಸಿ. ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಪ್ರಕೃತಿಯೂ ಒಮ್ಮೊಮ್ಮೆ ಪರೀಕ್ಷೆ ಒಡ್ಡುತ್ತದೆ: 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ, ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅವರ ತಂಡ ಜಗತ್ತಿನ ತಾಪ ಸುಮಾರು ಅರ್ಧ ಡಿಗ್ರಿ ಇಳಿಯುತ್ತದೆ ಎಂದು ಮುಂಚಿತವಾಗಿಯೇ ಹೇಳಿತ್ತು. ಹೆಚ್ಚುಕಡಿಮೆ ಹಾಗೆಯೇ ಆಯಿತು.

ಇಂಥ ಮಾದರಿಯೊಂದನ್ನು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯೂ ಕಟ್ಟಿದೆ. ಆದರೆ ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುವ ಜಾಗತಿಕ ಮಾದರಿಗಳ ಒಂದು ಚೌಕ ಸಾಮಾನ್ಯವಾಗಿ 100 ಕಿ.ಮೀ. ಅಗಲದ್ದು, ಅದರೊಳಗೆ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಮೂರೂ ಅಡಗಿಬಿಡಬಹುದು. ನಂದಿಬೆಟ್ಟ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ 2050ರಲ್ಲಿ ನಮ್ಮ ಕೆರೆ ಕೋಡಿ ಬೀಳುತ್ತದೆಯೇ ಎಂದು ಆ ಮಾದರಿಯನ್ನು ಕೇಳಬಾರದು.

ಬೆಳೆಗಳ ಮೇಲಿನ ಪರಿಣಾಮವನ್ನಾದರೆ ಹೊಲದಲ್ಲೇ ಪರೀಕ್ಷಿಸಬಹುದು. ಸುತ್ತ ಕೊಳವೆಗಳನ್ನು ನಿಲ್ಲಿಸಿ, ಬಯಲಿನ ಗಾಳಿಗೇ ಇಂಗಾಲದ ಡೈಆಕ್ಸೈಡ್ ಬಿಟ್ಟು ಬೆಳೆ ನೋಡುವ ಕ್ರಮವಿದೆ. ರಾಗಿಯಂಥ ಬೆಳೆಗೆ ಆ ಹೆಚ್ಚುವರಿ ಅನಿಲದಿಂದ ಸಿಗುವ ಲಾಭ ಕಡಿಮೆ, ಭತ್ತದಂಥದ್ದಕ್ಕೆ ಹೆಚ್ಚು.

ತಾವೇ ಏನಾದರೂ ಮಾಡಿ ನೋಡಬೇಕೆಂದಿದ್ದರೆ ಬಾಟಲಿ ಬಿಟ್ಟು, ದೂರದಿಂದ ತಾಪ ಅಳೆಯುವ ಅವಕೆಂಪು ಥರ್ಮಾಮೀಟರನ್ನು ರಾತ್ರಿ ಆಕಾಶಕ್ಕೆ ಹಿಡಿಯಿರಿ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದು ಆಗದು, ಅದು ಮೈಬಿಸಿಯ ಆಸುಪಾಸನ್ನಷ್ಟೇ ತೋರಿಸುತ್ತದೆ. ಮೆಕ್ಯಾನಿಕ್‌ಗಳು ಬಳಸುವಂಥದ್ದು ಬೇಕು. ಚಳಿಗಾಲದ ಶುಭ್ರ ರಾತ್ರಿಯಲ್ಲಿ ಅದರ ಅಂಕಿ ಸೊನ್ನೆಗಿಂತ ಕೆಳಗಿಳಿಯುವುದುಂಟು, ಮೋಡ ಬಂದು ನಿಂತರೆ ಸರ್ರನೆ ಮೇಲೇರುತ್ತದೆ. ಮೋಡ ಕೆಳಕ್ಕೆ ಮರಳಿಸುವ ಶಾಖ ಅದು. ನನ್ನ ಮಕ್ಕಳಿಗೆ ಈಗ ನಾನು ತೋರಿಸುವುದು ಇದನ್ನೇ.