ಕೇಳಿ, ಹೇಳ್ತೀವಿ: ಸೈಕ್ಲೋನ್ ಈಗ ಎಲ್ಲಿಗೆ ಬಂತು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸೈಕ್ಲೋನ್ ಬಗ್ಗೆಯೇ ಇವೆ. ಬಂಗಾಳ ಕೊಲ್ಲಿಯಲ್ಲಿ ಮೋಡ ಸುತ್ತಿಕೊಂಡರೆ ಅರಸೀಕೆರೆಯಲ್ಲಿ ರಾಗಿ ಮೆದೆಗೆ ಹೊದಿಕೆ ಬೀಳುತ್ತದೆ, ಮೂಡಿಗೆರೆಯಲ್ಲಿ ಕಾಫಿ ಕಣದ ಕಡೆ ಓಡಾಟ ಶುರುವಾಗುತ್ತದೆ. ನಾನು ಹವಾಮಾನ ಇಲಾಖೆಯವನಲ್ಲ. ಚಿಕ್ಕಮಗಳೂರಲ್ಲಿ ಕೂತು ನಕ್ಷೆ ನೋಡುವ ಚಟ ಇರುವವನು, ಅಷ್ಟೇ. ಗೊತ್ತಿದ್ದಷ್ಟು ಹೇಳ್ತೀನಿ.

ನನ್ನ ಮಗ ಒಡಿಶಾದ ಪಾರಾದೀಪದಲ್ಲಿ ಕೆಲಸಕ್ಕಿದ್ದಾನೆ. 2024ರ ಅಕ್ಟೋಬರಿನಲ್ಲಿ ಡಾನಾ ಸೈಕ್ಲೋನ್ ಬಂದಾಗ ಎರಡು ರಾತ್ರಿ ಮೊಬೈಲಲ್ಲಿ ನಕ್ಷೆ ಮೇಲೆ ಅದರ ದಾರಿ ತೋರಿಸುವ ಗೆರೆ ನೋಡ್ತಾ ಕೂತಿದ್ದೆ. ಗೆರೆ ಒಂದು ಸಲ ಅವನೂರಿನ ಹತ್ತಿರ ಬರುತ್ತೆ, ಇನ್ನೊಂದು ಸಲ ದೂರ ಹೋಗುತ್ತೆ. ಅದನ್ನ ಹೇಗೆ ಓದಬೇಕು?
– ಅರಸೀಕೆರೆಯ ತಾಯಿಯೊಬ್ಬರು

ಅಮ್ಮ, ಮೊದಲು ಆ ಗೆರೆಯನ್ನು ಮರೆತುಬಿಡಿ. ಗೆರೆಯ ಎರಡೂ ಕಡೆ ತೆಳು ಬಣ್ಣದ ಪಟ್ಟಿ ಇರುತ್ತದೆ ನೋಡಿ, ಮುಂದೆ ಹೋಗ್ತಾ ಹೋಗ್ತಾ ಅಗಲವಾಗುತ್ತದೆ, ಅದನ್ನು ನೋಡಿ. ಚಂಡಮಾರುತದ ನಡುಭಾಗ ಆ ಪಟ್ಟಿಯೊಳಗೆ ಎಲ್ಲಿ ಬೇಕಾದರೂ ಹೋಗಬಹುದು ಅಂತ ಅದರ ಅರ್ಥ. ಪಟ್ಟಿ ದಪ್ಪ ಆದ ಕೂಡಲೇ ಸೈಕ್ಲೋನ್ ದೊಡ್ಡದಾಯಿತು ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. ದಿನ ದೂರ ಹೋದಷ್ಟೂ ಅಂದಾಜು ಸಡಿಲವಾಗುತ್ತದೆ, ಅದಕ್ಕೆ ಪಟ್ಟಿ ಅಗಲ. ಈಗ ನಮ್ಮ ದೇಶದ ಹವಾಮಾನ ಇಲಾಖೆ 24 ಗಂಟೆ ಮುಂಚೆ ಹೇಳುವ ಜಾಗ ಸರಾಸರಿ 100 ಕಿ.ಮೀ. ಕೂಡ ತಪ್ಪುವುದಿಲ್ಲ. ಮೂರು ದಿನ ಮುಂಚೆ ಹೇಳಿದ್ದು ಅದಕ್ಕಿಂತ ಜಾಸ್ತಿ ತಪ್ಪಬಹುದು. ಇನ್ನೊಂದು ವಿಷಯ, ಗಾಳಿ ಮಳೆ ಆ ಪಟ್ಟಿಯ ಹೊರಗೂ ಇರುತ್ತದೆ. ಪಟ್ಟಿಯಲ್ಲಿ ಇಲ್ಲ ಅಂದಮಾತ್ರಕ್ಕೆ ಬಚಾವ್ ಅಂತಲ್ಲ.

ಆಮೇಲೆ ನಿಮ್ಮ ಮಗನ ಊರು ಗೆರೆಗೆ ಯಾವ ಕಡೆ ಬೀಳುತ್ತದೆ ನೋಡಿ. ನಮ್ಮ ಭಾಗದ ಸೈಕ್ಲೋನು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಹಾಗಾಗಿ ಅದು ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಗಡೆಯ ತೀರಕ್ಕೆ ಗಾಳಿ ಸಮುದ್ರದ ಕಡೆಯಿಂದ ಬರುತ್ತದೆ, ನೀರನ್ನೂ ತಳ್ಳಿಕೊಂಡೇ ಬರುತ್ತದೆ. ಎಡಗಡೆ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದೆ. ಡಾನಾ ವಾಯವ್ಯಕ್ಕೆ ಹೊರಟು ಅಕ್ಟೋಬರ್ 25ರ ಬೆಳಗಿನ ಜಾವ ಭಿತರ್‌ಕನಿಕಾ ಮತ್ತು ಧಾಮ್ರಾ ನಡುವೆ ತೀರ ದಾಟಿತು. ಪಾರಾದೀಪ ಅದರ ಎಡಗಡೆ ಉಳಿಯಿತು. ನೀವು ಕಣ್ಣು ಕೆಂಪು ಮಾಡಿಕೊಂಡು ಆ ಗೆರೆ ಉತ್ತರಕ್ಕೆ ಸರಿಯುವುದನ್ನು ನೋಡ್ತಾ ಇದ್ದಿರಲ್ಲ, ಅದರಿಂದ ನಿಮ್ಮ ಮಗನಿಗೆ ಒಳ್ಳೆಯದೇ ಆಯಿತು, ಭದ್ರಕ್ ಕಡೆಯವರಿಗೆ ತೊಂದರೆ.

ಟಿವಿಯವರ ‘ಕ್ಷಣಗಣನೆ’ ಇದೆಯಲ್ಲ, ಅದನ್ನು ಆರಿಸಿಬಿಡಿ. ತೀರ ದಾಟುವುದು ಕ್ಷಣದ ಕೆಲಸ ಅಲ್ಲ, ಗಂಟೆಗಟ್ಟಲೆ ನಡೆಯುತ್ತದೆ. ಭಾರೀ ಸೈಕ್ಲೋನಿಗೆ ನಡುವೆ ಕಣ್ಣಿರುತ್ತದೆ. ಅದು ಊರಿನ ಮೇಲೆ ಬಂದಾಗ ಗಾಳಿ ನಿಂತು ಆಕಾಶ ತಿಳಿಯಾಗಬಹುದು. ಮುಗೀತು ಅಂತ ಜನ ಹೊರಗೆ ಬರುತ್ತಾರೆ. ಸ್ವಲ್ಪ ಹೊತ್ತಿಗೆ ಗಾಳಿ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಹೊಡೆಯುತ್ತದೆ. ಮಗನಿಗೆ ಇದೊಂದನ್ನು ಮುಂಚೆಯೇ ಹೇಳಿಡಿ. ಇನ್ನು ಕರೆಂಟು, ಟವರ್ ಹೋದರೆ ಒಂದೆರಡು ದಿನ ಫೋನ್ ಸಿಗುವುದಿಲ್ಲ. ಅವನು ಯಾವ ಕಟ್ಟಡದಲ್ಲಿರ್ತಾನೆ, ಸಿಗದಿದ್ದರೆ ಯಾರಿಗೆ ಕೇಳಬೇಕು ಅನ್ನುವುದನ್ನು ಗಾಳಿ ಏಳುವ ಮುಂಚೆ ಬರೆದಿಟ್ಟುಕೊಳ್ಳಿ. ನಕ್ಷೆಯನ್ನು ಐದು ನಿಮಿಷಕ್ಕೊಮ್ಮೆ ನೋಡುವುದರಿಂದ ಏನೂ ಸಿಗಲ್ಲ. ಇಲಾಖೆಯ ವರದಿ ಬರುವುದೇ ಮೂರು ಗಂಟೆಗೊಮ್ಮೆ, ತೀರದ ಹತ್ತಿರ ಬಂದಾಗ ಗಂಟೆಗೊಮ್ಮೆ. ನಡುವೆ ಮಲಗಿ.

ಸಮುದ್ರದ ನಡುವೆ ಗಾಳಿ ಅಳೆಯೋಕೆ ಯಾರಿದ್ದಾರೆ? ಗಂಟೆಗೆ 180 ಕಿ.ಮೀ. ಅಂತ ಹೇಗೆ ಗೊತ್ತಾಗುತ್ತೆ? ಒಂದೇ ಸೈಕ್ಲೋನಿಗೆ ಬೇರೆ ಬೇರೆ ಕಡೆ ಬೇರೆ ಲೆಕ್ಕ ಯಾಕೆ?
– ಹಾಸನದ ವಿದ್ಯಾರ್ಥಿ

ಒಳ್ಳೆ ಪ್ರಶ್ನೆ. ಬಹುತೇಕ ಯಾರೂ ಅಳೆಯುವುದಿಲ್ಲ! ಅಮೆರಿಕದವರು ವಿಮಾನವನ್ನೇ ಚಂಡಮಾರುತದೊಳಗೆ ನುಗ್ಗಿಸುತ್ತಾರೆ, ನಮ್ಮಲ್ಲಿ ಆ ರೂಢಿ ಇಲ್ಲ. ಸಮುದ್ರದಲ್ಲಿ ಅಲ್ಲಲ್ಲಿ ತೇಲುವ ಬುರುಡೆಗಳಂಥ ಬಾಯ್‌ಗಳಿವೆ, ಸೈಕ್ಲೋನು ಅವುಗಳ ಹತ್ತಿರ ಹಾದರೆ ಅದೃಷ್ಟ. ಹಡಗುಗಳು ಸುದ್ದಿ ತಿಳಿದ ಕೂಡಲೇ ದೂರ ಓಡುತ್ತವೆ. ಹಾಗಾಗಿ ಮುಖ್ಯ ಕೆಲಸ ಉಪಗ್ರಹದ್ದು, ನಮ್ಮ ಇನ್ಸಾಟ್ ಸರಣಿಯದ್ದು. ಮೋಡ ಎಷ್ಟು ಸುತ್ತು ಸುತ್ತಿಕೊಂಡಿದೆ, ಕಣ್ಣು ಎಷ್ಟು ಸ್ಪಷ್ಟವಾಗಿದೆ, ಮೋಡದ ತುದಿ ಎಷ್ಟು ತಣ್ಣಗಿದೆ ಅನ್ನುವುದನ್ನು ನೋಡಿ ಅಂಕ ಕೊಡುತ್ತಾರೆ, ಆ ಅಂಕದಿಂದ ಗಾಳಿಯ ವೇಗ ಊಹಿಸುತ್ತಾರೆ. ವರ್ನನ್ ಡ್ವೊರಾಕ್ ಅನ್ನುವ ಅಮೆರಿಕದ ಹವಾಮಾನ ತಜ್ಞ 1970ರ ದಶಕದಲ್ಲಿ ರೂಪಿಸಿದ ವಿಧಾನ ಇದು, ಇವತ್ತಿಗೂ ಬಳಕೆಯಲ್ಲಿದೆ. ಡಾಕ್ಟರ್ ನಾಡಿ ಹಿಡಿದು ಹೇಳಿದ ಹಾಗೆ. ತೀರದ ಹತ್ತಿರ ಬಂದಮೇಲೆ ಪಾರಾದೀಪ, ಗೋಪಾಲಪುರ, ಮಚಲೀಪಟ್ಟಣ, ಚೆನ್ನೈಗಳಲ್ಲಿರುವ ಡಾಪ್ಲರ್ ರಾಡಾರಿನ ಕಣ್ಣಿಗೆ ಬೀಳುತ್ತದೆ. ಆಗ ಲೆಕ್ಕ ಇನ್ನಷ್ಟು ಗಟ್ಟಿ.

ಬೇರೆ ಬೇರೆ ಲೆಕ್ಕದ ಗುಟ್ಟು ಸಣ್ಣದು. ನಮ್ಮವರು 3 ನಿಮಿಷದ ಸರಾಸರಿ ಗಾಳಿ ಹೇಳುತ್ತಾರೆ, ಅಮೆರಿಕದ ನೌಕಾಪಡೆಯ ಕೇಂದ್ರ 1 ನಿಮಿಷದ್ದು ಹೇಳುತ್ತದೆ. 1 ನಿಮಿಷದ ಲೆಕ್ಕ ಸಹಜವಾಗಿ ಜಾಸ್ತಿ ಬರುತ್ತದೆ. ‘ಸರ್ಕಾರ ಮುಚ್ಚಿಡ್ತಿದೆ’ ಅಂತ ಫಾರ್ವರ್ಡ್ ಮಾಡುವವರಿಗೆ ಇದನ್ನು ತೋರಿಸು.

ಒಂದು ಮಾತು ಮಾತ್ರ ನೆನಪಿರಲಿ, ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕಿಂತ ಎಷ್ಟು ಬೇಗ ಬಲಿಯುತ್ತದೆ ಅನ್ನುವುದೇ ಕಷ್ಟ. 2017ರಲ್ಲಿ ಓಖಿ ಕೇರಳ, ತಮಿಳುನಾಡಿನ ಮೀನುಗಾರರು ಕಡಲಲ್ಲಿ ಇರುವಾಗಲೇ ಸರಸರನೆ ಬಲಿಯಿತು. ಎಷ್ಟೋ ದೋಣಿಗಳು ವಾಪಸ್ ಬರಲೇ ಇಲ್ಲ.

ಹತ್ತು ದಿನ ಮುಂಚೆಯೇ ವಿಂಡಿ ಅನ್ನುವ ಹವಾಮಾನದ ಆ್ಯಪಲ್ಲಿ ಚೆನ್ನೈ ಮೇಲೆ ಜೋರು ಗಾಳಿ ತೋರಿಸುವ ನೇರಳೆ ಬಣ್ಣ ಬಂತು. ಪಕ್ಕದ ತೋಟದವರು ಆಳುಗಳನ್ನು ವಾಪಸ್ ಕಳಿಸಿಬಿಟ್ಟರು. ನಾನೂ ಕುಯ್ಲು ನಿಲ್ಲಿಸಬೇಕಿತ್ತಾ?
– ಮೂಡಿಗೆರೆಯ ಕಾಫಿ ಬೆಳೆಗಾರರು

ಹತ್ತು ದಿನದ ನೇರಳೆಗೆ ಆಳು ಕಳಿಸಿದರೆ ವಾಪಸ್ ಸಿಗ್ತಾರಾ ಸ್ವಾಮಿ? ವಿಂಡಿ ತಾನಾಗಿ ಏನನ್ನೂ ಹೇಳುವುದಿಲ್ಲ, ಯುರೋಪಿನ ಒಂದು ಲೆಕ್ಕ, ಅಮೆರಿಕದ ಒಂದು ಲೆಕ್ಕ, ಹೀಗೆ ಬೇರೆಯವರ ಕಂಪ್ಯೂಟರ್ ಲೆಕ್ಕವನ್ನು ಚಂದ ಮಾಡಿ ತೋರಿಸುತ್ತದೆ. ಎರಡನ್ನೂ ಬದಲಾಯಿಸಿ ನೋಡಿ. ಒಂದು ಚೆನ್ನೈ ಅಂದು ಇನ್ನೊಂದು ಬರ್ಮಾ ಅಂದರೆ, ಇನ್ನೂ ಹುಟ್ಟದ ಮಗುವಿಗೆ ಕುಲಾವಿ ಹೊಲಿದ ಹಾಗೆ. ಎರಡೂ ಒಂದೇ ಕಡೆ ತೋರಿಸಿ, ಇಲಾಖೆಯೂ ‘ವಾಯುಭಾರ ಕುಸಿತ’ ಅಂದಮೇಲೆ ತಲೆ ಕೆಡಿಸಿಕೊಳ್ಳಿ. ಆಗಲೂ ಸಾಮಾನ್ಯವಾಗಿ ಕೈಯಲ್ಲಿ ಎರಡು ಮೂರು ದಿನ ಇರುತ್ತದೆ.

ಆದರೆ ಆ ಎರಡು ಮೂರು ದಿನ ಸುಮ್ನೆ ಕೂರಬೇಡಿ. 2024ರ ಫೆಂಗಲ್ ನೆನಪಿದೆ ಅಲ್ವಾ? ನವೆಂಬರ್ 30ರಂದು ಪುದುಚೇರಿ ಹತ್ತಿರ ತೀರ ದಾಟಿದಾಗ ಗಾಳಿ 70–80 ಕಿ.ಮೀ., ಅಂದರೆ ಸೈಕ್ಲೋನುಗಳಲ್ಲಿ ತೀರಾ ಕೆಳಗಿನ ದರ್ಜೆ. ಆದರೆ ಅದು ನೆಲದ ಮೇಲೆ ಬಂದು ಅಲ್ಲೇ ನಿಂತುಬಿಟ್ಟಿತು. ನಮ್ಮ ಗಡಿಯಾಚೆ ಕೃಷ್ಣಗಿರಿ ಜಿಲ್ಲೆಯ ಊತಂಗರೈನಲ್ಲಿ ಒಂದೇ ದಿನಕ್ಕೆ 50 ಸೆಂ.ಮೀ. ಮಳೆ. ಉಳಿದ ಮೋಡ ನಮ್ಮ ರಾಜ್ಯ ಹಾದು ಅರಬ್ಬಿ ಸಮುದ್ರಕ್ಕೆ ಹೋಯಿತು. ಅಷ್ಟು ಹೊತ್ತಿಗೆ ಟಿವಿಯಲ್ಲಿ ‘ಚಂಡಮಾರುತ ದುರ್ಬಲ’ ಅಂತ ಬರ್ತಿತ್ತು, ಅದನ್ನು ನಂಬಿದ ಪರಿಚಯದವರೊಬ್ಬರು ಪಲ್ಪ್ ಮಾಡಿದ, ಅಂದರೆ ಸಿಪ್ಪೆ ತೆಗೆದ, ಅರೇಬಿಕಾ ಕಾಫಿಯನ್ನು ಕಣದಲ್ಲಿ ಹರವಿಟ್ಟು ಮದುವೆಗೆ ಹೋದರು. ವಾಪಸ್ ಬಂದಾಗ ಬೂಷ್ಟು ವಾಸನೆ. ದುರ್ಬಲ ಆಗುವುದು ಗಾಳಿ, ನೀರಲ್ಲ. ಹಣ್ಣಾದದ್ದನ್ನು ಗಿಡದಲ್ಲಿ ಬಿಟ್ಟರೆ ಮಳೆಗೆ ಬಿರಿದು ಉದುರುತ್ತದೆ, ಕುಯ್ದರೆ ಒಣಗಿಸಲು ಬಿಸಿಲಿಲ್ಲ. ನನ್ನನ್ನು ಕೇಳಿದರೆ ಮುನ್ಸೂಚನೆ ಗಟ್ಟಿಯಾದ ದಿನ ಪೂರ್ತಿ ಹಣ್ಣಾದ ಗಿಡಗಳನ್ನು ಮಾತ್ರ ಕುಯ್ಸಿ. ಅರೆ ಒಣಗಿದ್ದನ್ನು ಚೀಲಕ್ಕೆ ತುಂಬಿ ಮುಚ್ಚಿಡಬೇಡಿ, ಗೋದಾಮಿನೊಳಗೆ ತೆಳ್ಳಗೆ ಹರವಿ, ದಿನಕ್ಕೆ ಎರಡು ಮೂರು ಸಲ ಕೈಯಾಡಿಸಿ.

ಈ ಹೆಸರುಗಳನ್ನು ಇಡುವವರು ಯಾರು? ಬಾಯಲ್ಲಿ ತಿರುಗೋದೇ ಇಲ್ಲ.
– ತರೀಕೆರೆ

ಹದಿಮೂರು ದೇಶಗಳು ಸೇರಿ 2020ರಲ್ಲಿ 169 ಹೆಸರಿನ ಪಟ್ಟಿ ಮಾಡಿವೆ. ಗಾಳಿ 62 ಕಿ.ಮೀ. ಮುಟ್ಟಿದಾಗ ಸಾಲಿನಲ್ಲಿ ಮುಂದಿನದು. ಡಾನಾ ಕತಾರಿನದು, ಫೆಂಗಲ್ ಸೌದಿಯದು. ಒಮ್ಮೆ ಬಳಸಿದ್ದು ಮತ್ತೆ ಬರಲ್ಲ. ತೌಕ್ತೆ ಅಂದರೆ ಮ್ಯಾನ್ಮಾರಿನ ಭಾಷೆಯಲ್ಲಿ ಹಲ್ಲಿಯ ಜಾತಿ. ನಮ್ಮ ಗೋಡೆ ಮೇಲಿನದಕ್ಕಿಂತ ಸ್ವಲ್ಪ ಜೋರು ದನಿಯದು.

1999ರಲ್ಲಿ ಒಡಿಶಾದಲ್ಲಿ ಸಾವಿರಾರು ಜನ ಸತ್ತರು ಅಂತ ಅಪ್ಪ ಹೇಳ್ತಿದ್ದರು. ಈಗ ಅಷ್ಟೇ ದೊಡ್ಡವು ಬಂದರೂ ಅಷ್ಟು ಸಾಯಲ್ಲ. ಸೈಕ್ಲೋನೇ ಮೆತ್ತಗಾಯ್ತಾ?
– ಬೇಲೂರು

ಮೆತ್ತಗೆ ಆಗಿಲ್ಲ. 1999ರ ಅಕ್ಟೋಬರ್ 29ರಂದು ಬಂದದ್ದು ಸೂಪರ್ ಸೈಕ್ಲೋನ್, ಗಾಳಿ ಸುಮಾರು 260 ಕಿ.ಮೀ. ಪಾರಾದೀಪದ ಸುತ್ತಮುತ್ತ ಸಮುದ್ರ ಐದಾರು ಮೀಟರ್ ಎದ್ದು ಒಳನುಗ್ಗಿತು. ಎರಸಮಾ ಕಡೆ ಊರಿಗೆ ಊರೇ ತೊಳೆದುಹೋಯಿತು. ಸತ್ತವರು ಸುಮಾರು 10,000. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಗಾಳಿಯಲ್ಲ, ನೀರು. ಅಲ್ಲಿ ನೆಲ ತಟ್ಟೆಯ ಹಾಗಿದೆ, ಮಹಾನದಿ ತಂದು ಹಾಕಿದ ಮಣ್ಣು. ತೀರದ ಹತ್ತಿರ ಸಮುದ್ರವೂ ಆಳ ಇಲ್ಲ. ಗಾಳಿ ತಳ್ಳಿದ ನೀರಿಗೆ ಕೆಳಗೆ ಹೋಗಲು ಜಾಗ ಇಲ್ಲದೆ ಮೇಲಕ್ಕೆ ಏರುತ್ತದೆ. ನಮ್ಮ ಹಾಗೆ ಓಡಿ ಹತ್ತಲು ಒಂದು ಗುಡ್ಡವೂ ಇಲ್ಲ.

ಆಮೇಲೆ ಅವರು ಗುಡ್ಡವನ್ನು ಕಟ್ಟಿಕೊಂಡರು ಅನ್ನಬಹುದು. ಕಂಬದ ಮೇಲೆ ನಿಂತ ಕಾಂಕ್ರೀಟ್ ಆಶ್ರಯ ಕಟ್ಟಡಗಳು ತೀರದುದ್ದಕ್ಕೂ ಎದ್ದಿವೆ. 2013ರಲ್ಲಿ ಫೈಲಿನ್ ಗೋಪಾಲಪುರಕ್ಕೆ ಬಂದಾಗ 10 ಲಕ್ಷದಷ್ಟು ಜನರನ್ನು ಮುಂಚೆಯೇ ಒಳಗೆ ಸರಿಸಿದ್ದರು, ಸತ್ತವರ ಲೆಕ್ಕ ಐವತ್ತರ ಒಳಗೆ. 2019ರ ಮೇ 3ರಂದು ಫನಿ ಪುರಿಗೆ ಬಡಿದಾಗ ಸುಮಾರು 12 ಲಕ್ಷ ಜನರನ್ನು ಸಾಗಿಸಿದ್ದರು. ಅಷ್ಟು ಜನರನ್ನು ಮನೆ, ಮೇಕೆ, ಹಸು ಬಿಟ್ಟು ಹೊರಡಿಸಬೇಕು ಅಂದರೆ ಮುನ್ಸೂಚನೆ ಸರಿ ಇದ್ದರೆ ಸಾಲದು, ಹೇಳಿದವರ ಮೇಲೆ ನಂಬಿಕೆಯೂ ಬೇಕು. ಎರಡು ಸಲ ಸುಳ್ಳಾದರೆ ಮೂರನೇ ಸಲ ಅಜ್ಜಿ ಮನೆಯಿಂದ ಏಳಲ್ಲ.

ಪಶ್ಚಿಮ ಘಟ್ಟ ಅಡ್ಡ ಇರುವಾಗ ನಮಗೇನು ಭಯ?
– ಸಕಲೇಶಪುರ

ಗಾಳಿಯ ಭಯ ಕಡಿಮೆ, ಸರಿ. ಸೈಕ್ಲೋನಿನ ಊಟ ಬಿಸಿ ಸಮುದ್ರದ ನೀರು, ನೆಲಕ್ಕೆ ಬಂದರೆ ಊಟ ನಿಲ್ಲುತ್ತದೆ. ಆದರೆ 2021ರ ಮೇ ತಿಂಗಳ ತೌಕ್ತೆ ನಮ್ಮ ತೀರ ಮುಟ್ಟಲೇ ಇಲ್ಲ, ಕರಾವಳಿಗೆ ಸಮಾನಾಂತರವಾಗಿ ಮೇಲೆ ಹೋಗಿ 17ರ ರಾತ್ರಿ ಗುಜರಾತಿನ ಊನಾ ಹತ್ತಿರ ದಾಟಿತು. ಆದರೂ ಮಲೆನಾಡು ತೊಯ್ದು ತೊಪ್ಪೆಯಾಯಿತು. ಕಡಲ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಬೇಕು, ಏರಿದರೆ ತಣ್ಣಗಾಗಬೇಕು, ತಣ್ಣಗಾದರೆ ಸುರಿಯಲೇಬೇಕು. ಬಂಗಾಳ ಕೊಲ್ಲಿಯದು ಬಂದರೆ ಹಿತ್ತಲ ಬಾಗಿಲಿನಿಂದ, ಸುಸ್ತಾಗಿ, ಜಡಿ ಮಳೆಯಾಗಿ ಬರುತ್ತದೆ. ಅರಬ್ಬಿಯದು ಮುಂಬಾಗಿಲಿಗೇ ಬರುತ್ತದೆ. ಆ ದಿನ ಶಿರಾಡಿ, ಚಾರ್ಮಾಡಿಯಲ್ಲಿ ರಾತ್ರಿ ಗಾಡಿ ಓಡಿಸಬೇಡಿ, ಮಂಗಳೂರಿನ ಕೆಲಸ ಮಾರನೇ ದಿನಕ್ಕೆ ಇಟ್ಟುಕೊಳ್ಳಿ.